ಗಣಕಗಳ ಸಂರಚನಾನಿರ್ವಹಣೆಯಲ್ಲಿ ಯೌಗಪದ್ಯನಿಷೇಧ

ಅನೇಕ ಕೆಲಸಗಳು ಒಂದೇ ಕಾಲದಲ್ಲಿ ನಡೆಯುವುದಕ್ಕೆ ಯೌಗಪದ್ಯವೆಂದೂ, ಒಂದು ಮುಗಿದ ಮೇಲೆ ಮತ್ತೊಂದು ನಡೆಯುವುದಕ್ಕೆ ಕ್ರಮವೆಂದೂ ಶಾಸ್ತ್ರದಲ್ಲಿ ವ್ಯವಹಾರವುಂಟು. ಈ ಎರಡು ಶಬ್ದಗಳೂ ಸಂಸ್ಕೃತವನ್ನು ಬಲ್ಲವರಿಗೆ ಪರಿಚಿತವಾದುವೇ. ಯೌಗಪದ್ಯವನ್ನು ತಡೆದರೆ ಕ್ರಮವು ತಾನಾಗಿಯೇ ಸಿದ್ಧಿಸುವುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ವಿಚಾರಮಾಡಿದರೆ ಅದು ಹಾಗಲ್ಲ. ಬಹುಸಂಖ್ಯೆಯ ಗಣಕಯಂತ್ರಗಳನ್ನು ಒಂದೇ ಸ್ಥಾನದಿಂದ ಆಳುವ ಇಂದಿನ ಉಪಕರಣಗಳಲ್ಲಿ ಈ ಭೇದವನ್ನು ಮರೆತವರು, ತಡೆಯಬೇಕಾದುದನ್ನು ತಡೆದೆವೆಂದು ನಂಬಿಯೂ ಹಾನಿಗೆ ಗುರಿಯಾಗುವುದುಂಟು. ಆ ಉಪಕರಣಗಳ ಸ್ವರೂಪವೇನು, ಅವುಗಳಲ್ಲಿ ಯೌಗಪದ್ಯವು ಎಲ್ಲಿ ದೋಷವಾಗುತ್ತದೆ, ಅದರ ನಿಷೇಧಕ್ಕೆ ಉಪಾಯಗಳಾವುವು, ಯಾವ ಉಪಾಯ ಎಲ್ಲಿ ಯುಕ್ತ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಿದೆ.

೧. ಉಪಕರಣಗಳ ಸ್ವರೂಪ

ದೊಡ್ಡ ಸಂಸ್ಥೆಗಳ ಕಾರ್ಯವೆಲ್ಲವೂ ಈಗ ಹತ್ತಾರು ಅಥವಾ ನೂರಾರು ಸರ್ವರುಗಳನ್ನು, ಎಂದರೆ ಸೇವೆಯನ್ನೊದಗಿಸುವ ಗಣಕಗಳನ್ನು, ಅವಲಂಬಿಸಿರುವುದಷ್ಟೆ. ಪ್ರತಿಯೊಂದು ಸರ್ವರಿನಲ್ಲಿಯೂ ಯಾವ ತಂತ್ರಾಂಶವಿರಬೇಕು, ಯಾವ ಕಡತದಲ್ಲಿ ಯಾವ ಸಾಲಿರಬೇಕು, ಯಾವ ಸೇವೆ ನಡೆಯುತ್ತಿರಬೇಕು ಎಂಬ ಏರ್ಪಾಟಿಗೆ ಸಂರಚನೆಯೆಂದು ಹೆಸರು. ಇದನ್ನು ಮನುಷ್ಯನು ಒಂದೊಂದು ಯಂತ್ರದ ಮುಂದೆಯೂ ಕುಳಿತು ಕೈಯಾರೆ ಮಾಡಹೊರಟರೆ ಒಂದರಲ್ಲಿ ಮಾಡಿದುದು ಇನ್ನೊಂದರಲ್ಲಿ ಮರೆತುಹೋಗುವುದು ಸಹಜ. ಆದುದರಿಂದ ಇರಬೇಕಾದ ಸ್ಥಿತಿಯನ್ನು ಒಂದು ಪಾಠದಲ್ಲಿ ಬರೆದಿಟ್ಟು, ಆ ಪಾಠದಂತೆ ಸಕಲ ಯಂತ್ರಗಳನ್ನೂ ತಿದ್ದುವ ಕಾರ್ಯವನ್ನು ಒಂದು ಉಪಕರಣಕ್ಕೆ ಒಪ್ಪಿಸುವ ಪದ್ಧತಿ ಹುಟ್ಟಿತು. ನಾರ್ವೆ ದೇಶದ ಆಸ್ಲೋ ನಗರದಲ್ಲಿ ಮಾರ್ಕ್ ಬರ್ಜೆಸ್ ಎಂಬವರು ೧೯೯೩ರಲ್ಲಿ ಸಿಎಫ್ಎಂಜಿನ್ ಎಂಬುದನ್ನು ರಚಿಸಿದರು. ಲ್ಯೂಕ್ ಕೇನೀಸರ ಪಪೆಟ್ ೨೦೦೫ರಲ್ಲಿಯೂ, ಷೆಫ್ ಎಂಬುದು ೨೦೦೯ರಲ್ಲಿಯೂ, ಥಾಮಸ್ ಹ್ಯಾಚರ ಸಾಲ್ಟ್ ೨೦೧೧ರಲ್ಲಿಯೂ, ಮೈಕೆಲ್ ಡಿಹಾನರ ಆನ್ಸಿಬಲ್ ೨೦೧೨ರಲ್ಲಿಯೂ ಹೊರಬಂದುವು. ಆನ್ಸಿಬಲ್ ಎಂಬ ಶಬ್ದವು ಅರ್ಸುಲಾ ಲೆಗ್ವಿನ್ ಎಂಬ ಅಮೆರಿಕದ ಲೇಖಕಿ ೧೯೬೬ರ ತಮ್ಮ ಕಾದಂಬರಿಯೊಂದರಲ್ಲಿ ಕಲ್ಪಿಸಿದುದು. ಎಷ್ಟು ದೂರದ ಲೋಕಕ್ಕಾದರೂ ಕಾಲವಿಳಂಬವಿಲ್ಲದೆ ಮಾತನ್ನು ಮುಟ್ಟಿಸುವ ಯಂತ್ರವೆಂದು ಅಲ್ಲಿ ಅದರ ಅರ್ಥ.

ಈ ಐದರಲ್ಲಿ ಆನ್ಸಿಬಲ್ಲನ್ನೇ ಇಲ್ಲಿ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಏಕೆಂದರೆ ಯೌಗಪದ್ಯನಿಷೇಧದ ಬೇರೆ ಬೇರೆ ಉಪಾಯಗಳು ಅದರಲ್ಲಿ ಬೇರೆ ಬೇರೆ ಹೆಸರುಗಳಿಂದ ಸ್ಪಷ್ಟವಾಗಿ ವಿಂಗಡವಾಗಿವೆ. ಅದರಲ್ಲಿ ಆಜ್ಞೆಗಳ ಪಾಠಕ್ಕೆ ಪ್ಲೇಬುಕ್ ಎಂದು ಹೆಸರು. ಪಾಠದಲ್ಲಿನ ಒಂದೊಂದು ಕೆಲಸಕ್ಕೆ ಟಾಸ್ಕ್ ಎಂದು ಹೆಸರು. ಒಂದು ನಿಯಂತ್ರಕ ಗಣಕವು ಈ ಪಾಠವನ್ನೋದಿ, ಉದ್ದಿಷ್ಟವಾದ ಸರ್ವರುಗಳನ್ನು ದೂರದಿಂದಲೇ ಪ್ರವೇಶಿಸಿ, ಕೆಲಸಗಳನ್ನು ನಡೆಸುತ್ತದೆ. ಹಾಗೆ ನಡೆಸುವಾಗ ಏಕಕಾಲದಲ್ಲಿ ಎಷ್ಟು ಸರ್ವರುಗಳಲ್ಲಿ ಕೈಯಿಡಬೇಕೆಂಬುದನ್ನು ಫೋರ್ಕ್ಸ್ ಎಂಬ ಸಂಖ್ಯೆಯು ನಿರ್ಣಯಿಸುತ್ತದೆ. ಬೇರೆ ಹೇಳದಿದ್ದರೆ ಆ ಸಂಖ್ಯೆ ೫. ಎಂದಮೇಲೆ ಈ ಉಪಕರಣದಲ್ಲಿ ಯೌಗಪದ್ಯವೇ ಸ್ವಭಾವ. ಅದರ ನಿಷೇಧವು ವಿಶೇಷವಿಧಿಯಿಂದ ಬರತಕ್ಕದ್ದು.

೨. ಕ್ರಮ, ಯೌಗಪದ್ಯ, ತಂತ್ರ

ಬಹು ಆಶ್ರಯಗಳಲ್ಲಿ ಬಹು ಕರ್ಮಗಳನ್ನು ಮಾಡಬೇಕಾದಾಗ ಹೇಗೆ ಸಾಗಬೇಕೆಂಬ ಪ್ರಶ್ನೆ ಹೊಸದೇನೂ ಅಲ್ಲ. ಜೈಮಿನಿಯ ಪೂರ್ವಮೀಮಾಂಸಾಸೂತ್ರಗಳ ಹನ್ನೆರಡು ಅಧ್ಯಾಯಗಳಲ್ಲಿ ಐದನೆಯದು ಕ್ರಮವಿಚಾರಕ್ಕೂ ಹನ್ನೊಂದನೆಯದು ತಂತ್ರಾವಾಪಗಳ ವಿಚಾರಕ್ಕೂ ಮೀಸಲಾಗಿವೆ. ವಾಜಪೇಯದಲ್ಲಿ ಪ್ರಜಾಪತಿದೇವತಾಕವಾದ ಹದಿನೇಳು ಪಶುಗಳಿಗೆ ಉಪಾಕರಣ, ನಿಯೋಜನ ಮೊದಲಾದ ಸಂಸ್ಕಾರಗಳನ್ನು ಮಾಡಬೇಕಷ್ಟೆ. ಒಂದು ಸಂಸ್ಕಾರವನ್ನು ಹದಿನೇಳಕ್ಕೂ ಮಾಡಿ ಮುಗಿಸಿ ಮುಂದಿನ ಸಂಸ್ಕಾರಕ್ಕೆ ಹೋಗಬೇಕೋ, ಒಂದು ಪಶುವಿಗೆ ಎಲ್ಲ ಸಂಸ್ಕಾರಗಳನ್ನೂ ಮುಗಿಸಿ ಮುಂದಿನ ಪಶುವಿಗೆ ಹೋಗಬೇಕೋ ಎಂಬುದು ಅಲ್ಲಿನ ಸಂಶಯ. ಮೊದಲನೆಯ ರೀತಿಗೆ ಪದಾರ್ಥಾನುಸಮಯವೆಂದೂ ಎರಡನೆಯದಕ್ಕೆ ಕಾಂಡಾನುಸಮಯವೆಂದೂ ಹೆಸರು. ಅಲ್ಲಿ ಸಿದ್ಧಾಂತವಾದುದು ಪದಾರ್ಥಾನುಸಮಯ.

ಗಣಕೋಪಕರಣವನ್ನು ನಿರ್ಮಿಸಿದವರು ಮೀಮಾಂಸೆಯನ್ನು ಓದಿ ಇದನ್ನು ರಚಿಸಿದರೆಂದು ಹೇಳುವುದು ಹಾಸ್ಯಾಸ್ಪದವಾದೀತು. ಎರಡು ಕಡೆಯೂ ವಸ್ತುಸ್ಥಿತಿ ಒಂದೇ ಆದುದರಿಂದ ಪ್ರಶ್ನೆಯೂ ಒಂದೇ ಆಯಿತೆಂದು ಮಾತ್ರ ತಿಳಿಯತಕ್ಕದ್ದು. ಪ್ರಯೋಜನವೇನೆಂದರೆ, ಗಣಕಶಾಸ್ತ್ರದಲ್ಲಿ ಸಂಕೀರ್ಣವಾಗಿ ತೋರುವ ಭೇದಗಳಿಗೆ ನಮ್ಮಲ್ಲಿ ಸಿದ್ಧವಾದ ಪರಿಭಾಷೆ ಇದೆ.

ಆನ್ಸಿಬಲ್ಲಿನ ಸಹಜಗತಿ ಪದಾರ್ಥಾನುಸಮಯವೇ. ಅದಕ್ಕೆ ಅವರು ಲೀನಿಯರ್ ಎಂದು ಹೆಸರಿಟ್ಟಿದ್ದಾರೆ. ಮೊದಲನೆಯ ಟಾಸ್ಕು ಎಲ್ಲ ಸರ್ವರುಗಳಲ್ಲಿಯೂ ಮುಗಿಯುವವರೆಗೆ ಎರಡನೆಯದು ಯಾವುದರಲ್ಲಿಯೂ ಆರಂಭವಾಗದು. ಇದು ಸಮಾರಾಧನೆಯ ಪಂಕ್ತಿಯಲ್ಲಿ ಬಡಿಸುವ ರೀತಿಯಂತೆಯೇ ಇದೆ. ಮೂವತ್ತು ಎಲೆಗಳ ಪಂಕ್ತಿ, ಬಡಿಸುವವರು ಐವರು. ಎಲ್ಲ ಎಲೆಗಳಿಗೂ ಉಪ್ಪು ಬಂದ ಮೇಲೆ ಕೋಸಂಬರಿ, ಎಲ್ಲಕ್ಕೂ ಕೋಸಂಬರಿ ಬಂದ ಮೇಲೆ ಪಲ್ಯ. ಇಲ್ಲಿ ಎರಡು ಪ್ರಶ್ನೆಗಳು ಪ್ರತ್ಯೇಕವಾಗಿರುವುದನ್ನು ಗಮನಿಸಬೇಕು. ಬಡಿಸುವವರು ಐವರೋ ಒಬ್ಬರೋ ಎಂಬುದು ಯೌಗಪದ್ಯದ ಪ್ರಶ್ನೆ. ಪದಾರ್ಥದಿಂದ ಪದಾರ್ಥಕ್ಕೆ ಸಾಗಬೇಕೋ, ಎಲೆಯಿಂದ ಎಲೆಗೆ ಸಾಗಬೇಕೋ ಎಂಬುದು ಕ್ರಮದ ಪ್ರಶ್ನೆ. ಬಡಿಸುವವನು ಒಬ್ಬನೇ ಆದರೂ ಅವನು ಎರಡು ರೀತಿಯಲ್ಲಿಯೂ ಬಡಿಸಬಲ್ಲನು.

ಇವೆರಡಲ್ಲದೆ ಮೂರನೆಯದೊಂದು ಉಂಟು. ಅನೇಕ ಬ್ರಾಹ್ಮಣರ ನಡುವೆ ಹಚ್ಚಿಟ್ಟ ಒಂದು ದೀಪವು ಎಲ್ಲರಿಗೂ ಉಪಕರಿಸುತ್ತದೆ. ಗಂಧಲೇಪನವನ್ನಾದರೋ ಒಬ್ಬೊಬ್ಬರಿಗೂ ಬೇರೆಯಾಗಿಯೇ ಮಾಡಬೇಕು. ಶಬರಸ್ವಾಮಿಗಳು ಈ ದೃಷ್ಟಾಂತದಿಂದಲೇ ತಂತ್ರವನ್ನೂ ಆವಾಪವನ್ನೂ ವಿವರಿಸಿದ್ದಾರೆ. ಒಂದು ಸಲ ಮಾಡಿದರೆ ಎಲ್ಲಕ್ಕೂ ಸಲ್ಲುವುದು ತಂತ್ರ. ಆವೃತ್ತಿಯಿಂದ ಮಾತ್ರ ಸಲ್ಲುವುದು ಆವಾಪ. ಹೀಗೆ ಕ್ರಮ, ಯೌಗಪದ್ಯ, ತಂತ್ರ ಎಂಬ ಮೂರು ವಿಷಯಗಳು ಪರಸ್ಪರ ಭಿನ್ನವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗಬೇಕು.

೩. ಯೌಗಪದ್ಯದಿಂದ ಬರುವ ಎರಡು ದೋಷಗಳು

ಪ್ರತಿಯೊಂದು ಸರ್ವರೂ ತನ್ನದೇ ಆದ ಕಡತವನ್ನು ತಿದ್ದಿಕೊಳ್ಳುವಾಗ ಯೌಗಪದ್ಯದಿಂದ ಲಾಭವೇ ಹೊರತು ನಷ್ಟವಿಲ್ಲ. ದೋಷವು ಬರುವುದು ಅವುಗಳಿಗೆ ಸಾಧಾರಣವಾದ ವಸ್ತುವೊಂದು ನಡುವೆ ಬಂದಾಗ. ಆ ದೋಷವೂ ಎರಡು ಬಗೆಯಾಗಿದೆ.

ಮೊದಲನೆಯದು ಲೇಖಲೋಪ. ಮೂವತ್ತು ಸರ್ವರುಗಳಿಗೆ ಕೋರಿಕೆಗಳನ್ನು ಹಂಚಿಕೊಡುವ ಒಂದು ಗಣಕವಿದೆ. ಇದನ್ನು ಲೋಡ್ ಬ್ಯಾಲೆನ್ಸರ್ ಎನ್ನುತ್ತಾರೆ. ಅದರಲ್ಲಿನ ಒಂದು ಕಡತದಲ್ಲಿ ಪ್ರತಿ ಸರ್ವರಿನ ಪರವಾಗಿಯೂ ಒಂದೊಂದು ಸಾಲನ್ನು ಸೇರಿಸಬೇಕೆಂದು ಪ್ಲೇಬುಕ್ಕಿನಲ್ಲಿ ಬರೆದಿದೆಯೆಂದು ಇಟ್ಟುಕೊಳ್ಳೋಣ. ಒಂದು ಸರ್ವರಿನ ನಿಮಿತ್ತವಾದ ಕೆಲಸವನ್ನು ಬೇರೊಂದು ಯಂತ್ರದಲ್ಲಿ ನಡೆಸುವ ಈ ಏರ್ಪಾಟಿಗೆ ಡೆಲಿಗೇಟ್ ಮಾಡುವುದೆಂದು ಹೆಸರು. ಕೆಲಸದ ಸ್ಥಾನ ಬದಲಾದರೂ ಯೌಗಪದ್ಯವು ಬದಲಾಗುವುದಿಲ್ಲ. ಐದು ಕೆಲಸಗಾರರು ಒಂದೇ ಕಡತದ ಮೇಲೆ ಒಟ್ಟಿಗೆ ಬೀಳುತ್ತಾರೆ. ಪ್ರತಿಯೊಬ್ಬನೂ ಮೊದಲು ಇಡೀ ಕಡತವನ್ನು ಓದಿಕೊಂಡು, ತನ್ನ ಪ್ರತಿಯಲ್ಲಿ ತನ್ನ ಸಾಲನ್ನು ಸೇರಿಸಿ, ಆ ಪ್ರತಿಯನ್ನು ಹಳೆಯದರ ಸ್ಥಾನದಲ್ಲಿಡುತ್ತಾನೆ. ಒಂದೇ ಓಲೆಯ ಕಟ್ಟನ್ನು ಇಬ್ಬರು ಲಿಪಿಕಾರರು ಬೆಳಿಗ್ಗೆ ನೋಡಿಕೊಂಡು ಹೋಗಿ, ತಮ್ಮ ತಮ್ಮ ಮನೆಯಲ್ಲಿ ಒಂದೊಂದು ಗರಿ ಹೆಚ್ಚಾದ ಪ್ರತಿಯನ್ನು ಸಿದ್ಧಪಡಿಸಿ, ಸಂಜೆ ಒಬ್ಬರಾದ ಮೇಲೊಬ್ಬರು ಬಂದು ಇದ್ದುದನ್ನು ತೆಗೆದು ತಮ್ಮದನ್ನಿಟ್ಟರೆ, ಕಡೆಯಲ್ಲಿ ಇಟ್ಟವನ ಗರಿ ಮಾತ್ರ ಉಳಿದು ಮೊದಲಿನವನದು ಲುಪ್ತವಾಗುವುದಷ್ಟೆ. ಇಲ್ಲಿಯೂ ಹಾಗೆಯೇ. ಕಡತವು ಒಡೆದಿರುವುದಿಲ್ಲ, ಅಕ್ಷರಗಳು ಕೆಟ್ಟಿರುವುದಿಲ್ಲ. ಪ್ರತಿಯೊಂದು ಸರ್ವರಿನ ಹೆಸರಿನಲ್ಲಿಯೂ ಕಾರ್ಯವು ಸಫಲವಾಯಿತೆಂದೇ ವರದಿ ಬಂದಿರುತ್ತದೆ. ಸಾಲುಗಳು ಮಾತ್ರ ಮೂವತ್ತಕ್ಕೆ ಕಡಿಮೆಯಾಗಿರಬಹುದು. ಒಂದು ದಿನ ಬಂದ ಲೋಪ ಮರುದಿನ ಬಾರದಿರಬಹುದು. ಏಕೆಂದರೆ ಅದು ಕೆಲಸಗಾರರ ವೇಗದ ಅಲ್ಪವ್ಯತ್ಯಾಸವನ್ನು ಅವಲಂಬಿಸಿದುದು. ಗೋಚರಿಸದಿರುವುದೇ ಈ ದೋಷದ ಕ್ರೌರ್ಯ.

ಎರಡನೆಯದು ಸೇವಾವಿಚ್ಛೇದ. ಪ್ರತಿ ಸರ್ವರಿನ ತಂತ್ರಾಂಶವನ್ನೂ ನವೀಕರಿಸಬೇಕಾಗಿದೆ. ಅದಕ್ಕೆ ಸರ್ವರನ್ನು ಹಂಚಿಕೆಯಿಂದ ಹೊರತೆಗೆಯುವುದು, ಹೊಸ ತಂತ್ರಾಂಶವನ್ನು ಸ್ಥಾಪಿಸುವುದು, ಸೇವೆಯನ್ನು ಪುನಃ ಆರಂಭಿಸುವುದು, ಪರೀಕ್ಷಿಸುವುದು, ಮತ್ತೆ ಹಂಚಿಕೆಗೆ ಸೇರಿಸುವುದು ಎಂಬ ಐದು ಅಂಗಗಳಿವೆ. ಸಹಜಗತಿಯಲ್ಲಿ ನಡೆಸಿದರೆ ಮೊದಲನೆಯ ಅಂಗವು ಮೂವತ್ತು ಸರ್ವರುಗಳಲ್ಲಿಯೂ ಮುಗಿದ ಮೇಲೆಯೇ ಎರಡನೆಯದಕ್ಕೆ ಸರದಿ. ಎಂದರೆ ಮೂವತ್ತೂ ಹಂಚಿಕೆಯಿಂದ ಹೊರಗಿರುವ ಒಂದು ಕಾಲ ಬಂದೇ ಬರುತ್ತದೆ. ಆ ಕಾಲದಲ್ಲಿ ಸೇವೆಯನ್ನು ಬಯಸಿ ಬಂದವರಿಗೆ ಉತ್ತರ ಕೊಡುವ ಯಂತ್ರವೇ ಇರುವುದಿಲ್ಲ.

೪. ಪೂರ್ವಪಕ್ಷ

ಇಲ್ಲಿ ಒಬ್ಬನು ಹೀಗೆ ಹೇಳಬಹುದು: “ದೋಷಕ್ಕೆ ಮೂಲವು ಯೌಗಪದ್ಯ. ಆದುದರಿಂದ ಫೋರ್ಕ್ಸ್ ಸಂಖ್ಯೆಯನ್ನು ೧ಕ್ಕೆ ಇಳಿಸಿದರೆ ಸಾಕು. ಬಡಿಸುವವನು ಒಬ್ಬನೇ ಆದಮೇಲೆ ಘರ್ಷಣೆ ಎಲ್ಲಿಯದು?”

ಈ ಪಕ್ಷದಲ್ಲಿ ಎರಡು ದೂಷಣೆಗಳುಂಟು. ಮೊದಲನೆಯದು ಗೌರವ, ಎಂದರೆ ಅನಾವಶ್ಯಕವಾದ ಭಾರ. ಮೂವತ್ತು ಸರ್ವರುಗಳು, ಹತ್ತು ಟಾಸ್ಕುಗಳು, ಒಂದೊಂದಕ್ಕೆ ೪೦ ಸೆಕೆಂಡು ಎಂದು ಲೆಕ್ಕವಿಡೋಣ. ಐವರು ಕೆಲಸಗಾರರಿದ್ದರೆ ಒಂದು ಟಾಸ್ಕು ಆರು ಸರದಿಗಳಲ್ಲಿ, ಎಂದರೆ ೪ ನಿಮಿಷದಲ್ಲಿ ಮುಗಿದು, ಹತ್ತಕ್ಕೂ ೪೦ ನಿಮಿಷ ಹಿಡಿಯುತ್ತದೆ. ಒಬ್ಬನೇ ಆದರೆ ಒಂದು ಟಾಸ್ಕಿಗೆ ೨೦ ನಿಮಿಷದಂತೆ ಒಟ್ಟು ೨೦೦ ನಿಮಿಷ. ಹತ್ತರಲ್ಲಿ ಒಂದೇ ಒಂದು ಟಾಸ್ಕು ಸಾಧಾರಣ ಕಡತವನ್ನು ಮುಟ್ಟುವುದಾದರೆ, ಉಳಿದ ಒಂಬತ್ತಕ್ಕೂ ಈ ದಂಡವೇಕೆ?

ಎರಡನೆಯ ದೂಷಣೆಯೇ ಮುಖ್ಯ. ಇಷ್ಟು ಕಾಲವನ್ನು ವ್ಯಯಮಾಡಿದರೂ ಸೇವಾವಿಚ್ಛೇದವು ತಪ್ಪುವುದಿಲ್ಲ. ಒಬ್ಬನೇ ಕೆಲಸಗಾರನು ಪದಾರ್ಥಾನುಸಮಯದಿಂದ ನಡೆದರೆ, ಒಂದಾದ ಮೇಲೊಂದರಂತೆ ಮೂವತ್ತು ಸರ್ವರುಗಳನ್ನೂ ಹಂಚಿಕೆಯಿಂದ ತೆಗೆದು ಮುಗಿಸಿ, ಆಮೇಲೆ ಸ್ಥಾಪನೆಗೆ ತೊಡಗುತ್ತಾನೆ. ಎರಡು ಸರ್ವರುಗಳಲ್ಲಿ ಒಂದೇ ಕ್ಷಣದಲ್ಲಿ ಕೆಲಸವು ಎಲ್ಲಿಯೂ ನಡೆಯಲಿಲ್ಲ; ಆದರೂ ಎಲ್ಲವೂ ಒಟ್ಟಿಗೆ ನಿಂತುವು, ಅದೂ ಮೊದಲಿಗಿಂತ ದೀರ್ಘಕಾಲ. ಇದರಿಂದ ಯೌಗಪದ್ಯನಿಷೇಧವು ಕ್ರಮವನ್ನು ಬದಲಿಸುವುದಿಲ್ಲವೆಂಬುದು ಸಿದ್ಧವಾಯಿತು. ಎರಡು ದೋಷಗಳಿಗೂ ಹೆಸರು ಒಂದೇ ಎಂದು ತೋರಿದರೂ ಚಿಕಿತ್ಸೆ ಬೇರೆ ಬೇರೆ.

೫. ಸಿದ್ಧಾಂತ

ಘರ್ಷಣೆಯು ಒಂದು ಟಾಸ್ಕಿನೊಳಗೇ ಮುಗಿಯುವುದಾದರೆ ಥ್ರಾಟಲ್ ಎಂಬ ವಿಧಿಯನ್ನು ಆ ಟಾಸ್ಕಿಗೆ ಮಾತ್ರ ಸೇರಿಸಬೇಕು. ಇದು ೨೦೧೯ರ ೨.೯ನೆಯ ಆವೃತ್ತಿಯಲ್ಲಿ ಬಂದುದು. ಥ್ರಾಟಲ್ ೧ ಎಂದು ಬರೆದರೆ ಆ ಒಂದು ಕೆಲಸವು ಒಮ್ಮೆಗೆ ಒಂದು ಸರ್ವರಿನ ಪರವಾಗಿ ಮಾತ್ರ ನಡೆಯುತ್ತದೆ. ಉಳಿದವು ಹಿಂದಿನಂತೆಯೇ ಐದೈದಾಗಿ ಸಾಗುತ್ತವೆ. ಪಂಕ್ತಿಯಲ್ಲಿ ಬಡಿಸುವವರು ಐವರಿದ್ದರೂ ತುಪ್ಪದ ಗಿಂಡಿ ಒಂದೇ ಆದುದರಿಂದ ತುಪ್ಪವನ್ನು ಮಾತ್ರ ಒಬ್ಬನೇ ಬಡಿಸುವಂತೆ ಇದು. ಹಿಂದಿನ ಲೆಕ್ಕದಲ್ಲಿ ಒಂಬತ್ತು ಟಾಸ್ಕುಗಳಿಗೆ ೩೬ ನಿಮಿಷ, ನಿಯಮಿತವಾದ ಒಂದಕ್ಕೆ ೨೦ ನಿಮಿಷ, ಒಟ್ಟು ೫೬ ನಿಮಿಷವಾಯಿತು. ಲೇಖಲೋಪದ ಭಯ ತೀರಿತು. ೨೦೦ ನಿಮಿಷದ ಭಾರವೂ ತಪ್ಪಿತು. ಥ್ರಾಟಲ್ಲಿಗೆ ಯೌಗಪದ್ಯವನ್ನು ಕುಗ್ಗಿಸುವ ಶಕ್ತಿಯುಂಟೇ ಹೊರತು, ಫೋರ್ಕ್ಸ್ ಸಂಖ್ಯೆಯನ್ನು ಮೀರಿ ಹಿಗ್ಗಿಸುವ ಶಕ್ತಿಯಿಲ್ಲ.

ಘರ್ಷಣೆಯು ಒಂದು ಟಾಸ್ಕಿನಲ್ಲಿ ಮುಗಿಯದೆ ಟಾಸ್ಕುಗಳ ಪರಂಪರೆಯನ್ನೆಲ್ಲ ವ್ಯಾಪಿಸಿದ್ದರೆ ಥ್ರಾಟಲ್ಲು ನಿಷ್ಪ್ರಯೋಜಕ. ಅದನ್ನು ಐದು ಅಂಗಗಳಿಗೂ ಸೇರಿಸಿದರೂ ಒಂದೊಂದು ಅಂಗಕ್ಕೆ ಪ್ರತ್ಯೇಕವಾಗಿಯೇ ಅನ್ವಯಿಸುವುದರಿಂದ ಪದಾರ್ಥಾನುಸಮಯವು ಹಾಗೆಯೇ ಉಳಿಯುತ್ತದೆ. ಇಲ್ಲಿ ಬೇಕಾದುದು ಕಾಂಡಾನುಸಮಯ. ಅದನ್ನು ಕೊಡುವ ವಿಧಿ ಸೀರಿಯಲ್. ಸೀರಿಯಲ್ ೧ ಎಂದರೆ ಒಂದು ಸರ್ವರಿನಲ್ಲಿ ಪಾಠವೆಲ್ಲವೂ ಮುಗಿದು ಅದು ಹಂಚಿಕೆಗೆ ಮರಳಿದ ಮೇಲೆಯೇ ಮುಂದಿನದಕ್ಕೆ ಆರಂಭ. ಸೀರಿಯಲ್ ೫ ಎಂದರೆ ಮೂವತ್ತು ಸರ್ವರುಗಳು ಐದೈದರ ಆರು ಪಂಕ್ತಿಗಳಾಗುತ್ತವೆ. ಒಂದು ಪಂಕ್ತಿ ಎದ್ದ ಮೇಲೆ ಇನ್ನೊಂದು ಕೂರುವಂತೆ. ಪಂಕ್ತಿಯೊಳಗೆ ಪದಾರ್ಥಾನುಸಮಯ, ಪಂಕ್ತಿಗಳ ನಡುವೆ ಕಾಂಡಾನುಸಮಯ. ಯಾವ ಕಾಲದಲ್ಲಿ ನೋಡಿದರೂ ಇಪ್ಪತ್ತೈದು ಸರ್ವರುಗಳು ಸೇವೆಯಲ್ಲಿರುತ್ತವೆ. ಇನ್ನೊಂದು ಲಾಭವೂ ಉಂಟು: ಒಂದು ಪಂಕ್ತಿಯ ಸರ್ವರುಗಳೆಲ್ಲವೂ ವಿಫಲವಾದರೆ ಉಪಕರಣವು ಅಲ್ಲಿಯೇ ನಿಲ್ಲುತ್ತದೆ, ಕೆಟ್ಟ ತಂತ್ರಾಂಶವು ಉಳಿದ ಪಂಕ್ತಿಗಳನ್ನು ಮುಟ್ಟುವುದಿಲ್ಲ.

ಸೀರಿಯಲ್ಲು ಲೇಖಲೋಪಕ್ಕೂ ಪರಿಹಾರವೆಂದು ಭಾವಿಸುವವರುಂಟು. ಸೀರಿಯಲ್ ೧ ಎಂಬಲ್ಲಿ ಅದು ನಿಜ. ಸೀರಿಯಲ್ ೫ ಎಂಬಲ್ಲಿ ಪಂಕ್ತಿಯೊಳಗಿನ ಐದೂ ಒಂದೇ ಕಡತದ ಮೇಲೆ ಒಟ್ಟಿಗೆ ಬೀಳುವುದರಿಂದ ದೋಷವು ಇದ್ದಂತೆಯೇ ಇರುತ್ತದೆ. ಎರಡು ದೋಷಗಳೂ ಸಂಭವಿಸುವ ಕಡೆ ಎರಡು ವಿಧಿಗಳನ್ನೂ ಕೂಡಿಸತಕ್ಕದ್ದು. ಅವು ಪರಸ್ಪರ ವಿರುದ್ಧವಲ್ಲ.

ಇನ್ನು ಒಂದೇ ಸಲ ನಡೆದು ಎಲ್ಲಕ್ಕೂ ಸಲ್ಲಬೇಕಾದ ಕೆಲಸ, ಉದಾಹರಣೆಗೆ ಎಲ್ಲ ಸರ್ವರುಗಳಿಗೂ ಸಾಧಾರಣವಾದ ದತ್ತಾಂಶಕೋಶದ ಪರಿವರ್ತನೆ. ಇಲ್ಲಿ ಸರದಿಯಲ್ಲಿ ಮೂವತ್ತು ಸಲ ಮಾಡುವುದೂ ತಪ್ಪೇ. ಇದಕ್ಕೆ ರನ್ ಒನ್ಸ್ ಎಂಬ ವಿಧಿ ಇದೆ. ಅದು ಮೀಮಾಂಸಕರ ತಂತ್ರವೇ ಸರಿ. ಕೆಲಸವು ಮೊದಲನೆಯ ಸರ್ವರಿನಲ್ಲಿ ನಡೆದು ಅದರ ಫಲವು ಎಲ್ಲಕ್ಕೂ ಅನ್ವಯಿಸುತ್ತದೆ. ಆದರೆ ಸೀರಿಯಲ್ಲಿನೊಡನೆ ಸೇರಿದಾಗ ಇದು ಪಂಕ್ತಿಗೆ ಒಂದು ಸಲದಂತೆ ನಡೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಆರು ಸಲ ನಡೆದೀತು. ಪ್ರತಿ ಪಂಕ್ತಿಗೂ ದೀಪವನ್ನು ಹೊಸದಾಗಿ ಹಚ್ಚಿದಂತಾಯಿತು. ದೀಪಕ್ಕೆ ಇದರಿಂದ ಬಾಧೆಯಿಲ್ಲ, ದತ್ತಾಂಶಕೋಶಕ್ಕೆ ಬಾಧೆಯಾಗಬಹುದು. ಆದುದರಿಂದ ಅಂಥ ಕೆಲಸವನ್ನು ಸೀರಿಯಲ್ಲಿಲ್ಲದ ಬೇರೊಂದು ಪ್ರಕರಣವಾಗಿ ಮೊದಲೇ ಮುಗಿಸುವುದು ಯುಕ್ತ.

೬. ಈ ಉಪಾಯಗಳ ಮಿತಿ

ಮೇಲೆ ಹೇಳಿದ ವಿಧಿಗಳೆಲ್ಲವೂ ಕರ್ತೃನಿಷ್ಠವಾದುವು. ಎಂದರೆ ಒಂದು ನಿಯಂತ್ರಕವು ತನ್ನ ಕೆಲಸಗಾರರಿಗೆ ವಿಧಿಸಿಕೊಂಡ ಕಟ್ಟು. ಇಬ್ಬರು ಅಧಿಕಾರಿಗಳು ಎರಡು ಕಡೆಗಳಿಂದ ಅದೇ ಪಾಠವನ್ನು ಒಂದೇ ಕಾಲದಲ್ಲಿ ನಡೆಸಿದರೆ ಒಬ್ಬರ ಥ್ರಾಟಲ್ಲಿಗೆ ಇನ್ನೊಬ್ಬರ ಸುಳಿವಿಲ್ಲ. ಆಗ ತಡೆಯು ವಸ್ತುನಿಷ್ಠವಾಗಿರಬೇಕು. ಕಡತವಿರುವ ಸ್ಥಾನದಲ್ಲಿಯೇ ಬೀಗವಿರಬೇಕು. ಡೆಬಿಯನ್ ವ್ಯವಸ್ಥೆಯಲ್ಲಿ ತಂತ್ರಾಂಶವನ್ನು ಸ್ಥಾಪಿಸುವ ಡಿಪಿಕೆಜಿ ಎಂಬುದು ಹೀಗೆ ಬೀಗವನ್ನು ಹಿಡಿದೇ ಕೆಲಸಕ್ಕೆ ತೊಡಗುತ್ತದೆ. ಬೀಗವು ಮತ್ತೊಬ್ಬನ ಕೈಯಲ್ಲಿದ್ದರೆ ಮುಂದುವರಿಯುವುದಿಲ್ಲ. ಒಂದು ಸಾಧಾರಣ ವಸ್ತುವನ್ನು ಒಮ್ಮೆಗೆ ಒಬ್ಬನೇ ಮುಟ್ಟುವಂತೆ ಮಾಡುವುದು ಹೇಗೆಂಬ ಪ್ರಶ್ನೆಗೆ ಹಾಲೆಂಡಿನ ಡೈಕ್‌ಸ್ಟ್ರಾ ಎಂಬ ಗಣಕವಿದ್ವಾಂಸರು ೧೯೬೫ರಲ್ಲಿ ಪ್ರಕಟಿಸಿದ ಚಿಕ್ಕ ಲೇಖನವು ಈ ವಿಷಯದಲ್ಲಿ ಪ್ರಸಿದ್ಧವಾದ ಆಕರ.

ಇತರ ಉಪಕರಣಗಳಲ್ಲಿಯೂ ಇದೇ ವಿವೇಕವು ಅಗತ್ಯ. ಸಾಲ್ಟಿನಲ್ಲಿ ಒಂದು ಯಂತ್ರದ ಮೇಲೆ ಸ್ಥಿತಿಪಾಲನೆಯ ಕೆಲಸ ನಡೆಯುತ್ತಿರುವಾಗ ಅಂಥದೇ ಇನ್ನೊಂದು ಬಂದರೆ, ವಿಶೇಷವಾಗಿ ಅನುಮತಿಸದ ಹೊರತು ಅದು ನಿರಾಕೃತವಾಗುತ್ತದೆ. ಯಂತ್ರಗಳನ್ನು ಪಂಕ್ತಿಗಳಾಗಿ ವಿಂಗಡಿಸುವ ವಿಧಿಯೂ ಅದರಲ್ಲಿ ಪ್ರತ್ಯೇಕವಾಗಿ ಉಂಟು. ಪಪೆಟ್ಟಿನಲ್ಲಿ ಪ್ರತಿ ಯಂತ್ರದಲ್ಲಿಯೂ ಇರುವ ಪ್ರತಿನಿಧಿಯು, ಬೇರೆ ಹೇಳದಿದ್ದರೆ, ೩೦ ನಿಮಿಷಕ್ಕೊಮ್ಮೆ ಕೇಂದ್ರದಿಂದ ಆಜ್ಞಾಪಟ್ಟಿಯನ್ನು ಪಡೆದು ತಾನೇ ಅದನ್ನು ನೆರವೇರಿಸುತ್ತದೆ. ಆ ಪಟ್ಟಿಯಲ್ಲಿ ‘ಇದಕ್ಕೆ ಮೊದಲು ಅದು’ ಎಂದು ಕ್ರಮವನ್ನು ಕಂಠೋಕ್ತವಾಗಿ ವಿಧಿಸಬಹುದು, ಇದು ಶ್ರುತಿಕ್ರಮದಂತೆ. ಹಾಗೆ ವಿಧಿಸದ ಕಡೆ, ೪ನೆಯ ಆವೃತ್ತಿಯಿಂದ ಮೊದಲ್ಗೊಂಡು, ಬರೆದ ಕ್ರಮವೇ ಪ್ರಮಾಣ; ಇದು ಪಾಠಕ್ರಮ. ಕಂಠೋಕ್ತಿಯು ಪಾಠಕ್ಕಿಂತ ಪ್ರಬಲವೆಂಬ ನ್ಯಾಯವು ಅಲ್ಲಿಯೂ ಸಲ್ಲುತ್ತದೆ. ಆದರೆ ಈ ಕ್ರಮವೆಲ್ಲ ಒಂದು ಯಂತ್ರದೊಳಗಿನದು. ಯಂತ್ರಗಳು ಒಂದನ್ನೊಂದು ಅರಿಯವು. ಅವು ಕೇಂದ್ರಕ್ಕೆ ಒಟ್ಟಿಗೆ ನುಗ್ಗದಿರಲೆಂದು ಸ್ಪ್ಲೇ ಎಂಬ ಯಾದೃಚ್ಛಿಕ ವಿಳಂಬವನ್ನು ಏರ್ಪಡಿಸಬಹುದು. ಇದು ಯೌಗಪದ್ಯವನ್ನು ವಿರಳಗೊಳಿಸುತ್ತದೆಯೇ ಹೊರತು ನಿಷೇಧಿಸುವುದಿಲ್ಲ. ವಿರಳವಾದುದನ್ನು ನಿಷಿದ್ಧವೆಂದು ತಿಳಿಯುವುದು, ಅಪರೂಪಕ್ಕೆ ಬರುವ ರೋಗವನ್ನು ಇಲ್ಲವೇ ಇಲ್ಲವೆಂದು ತಿಳಿದಂತೆ.

೭. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಫಲಿಸಿದುದಿಷ್ಟು. ಯೌಗಪದ್ಯವು ಸ್ವತಃ ದೋಷವಲ್ಲ; ಸಾಧಾರಣ ವಸ್ತುವಿನ ಸಂಬಂಧದಿಂದ ಮಾತ್ರ ದೋಷ. ಆದುದರಿಂದ ತಡೆಯು ಆ ಸಂಬಂಧವಿರುವಷ್ಟೇ ಸ್ಥಳವನ್ನು ಹಿಡಿಯಬೇಕು. ಸಂಬಂಧವು ಒಂದು ಕ್ರಿಯೆಯಲ್ಲಿದ್ದರೆ ಥ್ರಾಟಲ್. ಕ್ರಿಯೆಗಳ ಕಾಂಡದಲ್ಲಿದ್ದರೆ ಸೀರಿಯಲ್. ಕ್ರಿಯೆಯೇ ಒಂದು ಸಲ ಸಾಕಾದರೆ ರನ್ ಒನ್ಸ್. ಕರ್ತೃಗಳು ಒಂದೇ ನಿಯಂತ್ರಕಕ್ಕೆ ಅಧೀನರಲ್ಲದಿದ್ದರೆ ವಸ್ತುವಿನಲ್ಲಿಯೇ ಬೀಗ. ಪ್ಲೇಬುಕ್ಕನ್ನು ಬರೆಯುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ “ಇದನ್ನು ಒಂದೊಂದಾಗಿ ನಡೆಸುವುದು ಹೇಗೆ?” ಎಂಬುದಲ್ಲ, “ಯಾವುದು ಯಾವುದರೊಡನೆ ಒಟ್ಟಿಗೆ ನಡೆಯಕೂಡದು?” ಎಂಬುದು. ಎರಡನೆಯ ಪ್ರಶ್ನೆಗೆ ಉತ್ತರ ದೊರೆತರೆ ಮೊದಲನೆಯದಕ್ಕೆ ಉಪಾಯವು ಉಪಕರಣದಲ್ಲಿಯೇ ಸಿದ್ಧವಾಗಿದೆ. ಈ ವಿಷಯಗಳನ್ನು ಕನ್ನಡದಲ್ಲಿ ಬೋಧಿಸತಕ್ಕವರು ಪದಾರ್ಥಾನುಸಮಯ, ಕಾಂಡಾನುಸಮಯ, ತಂತ್ರ ಎಂಬ ಹಳೆಯ ಶಬ್ದಗಳನ್ನು ಉಪಯೋಗಿಸಿದರೆ, ಹೊಸ ಶಬ್ದಗಳನ್ನು ಟಂಕಿಸುವ ಶ್ರಮವೂ ತಪ್ಪುವುದು, ಅರ್ಥಗಳ ಸಾಂಕರ್ಯವೂ ತಪ್ಪುವುದು.